ನೀರಿನ ಟ್ಯೂಬು ಹೊಳೆಯಬಾರದು

ಪ್ರೈಮರ್ ಎಂದರೆ ಏನೆಂದು ಗೋಡೆಗೆ ಬಣ್ಣ ಹೊಡೆಯುವವರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ಮೇಲಿನ ಬಣ್ಣ ಚೆನ್ನಾಗಿ ಕಚ್ಚಿಕೊಳ್ಳಲೆಂದು ಮೊದಲು ಬಳಿಯುವ ಕೋಟು ಅದು. ಜೀವವಿಜ್ಞಾನದ ಪ್ರಯೋಗಾಲಯದಲ್ಲೂ ಪ್ರೈಮರ್ ಎಂಬುದೊಂದಿದೆ. ಅದರ ಕೆಲಸ ಬೇರೆ, ಆದರೆ ಅದೂ ಆರಂಭದ ಕೆಲಸವೇ. ಡಿಎನ್‌ಎಯ ಪ್ರತಿ ತೆಗೆಯುವ ಪಾಲಿಮರೇಸ್ ಎಂಬ ಕಿಣ್ವಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಏನೂ ಇಲ್ಲದ ಕಡೆಯಿಂದ ಬರೆಯಲು ಅದಕ್ಕೆ ಬರುವುದಿಲ್ಲ. ಮೊದಲ ಕೆಲವು ಅಕ್ಷರಗಳನ್ನು ಯಾರಾದರೂ ಬರೆದುಕೊಟ್ಟರೆ ಮುಂದಿನದನ್ನು ಸರಸರನೆ ಬರೆಯುತ್ತದೆ. ಹಾಗೆ ಬರೆದುಕೊಡುವ, ಸುಮಾರು 20 ಅಕ್ಷರಗಳ ಪುಟ್ಟ ತುಂಡೇ ಪ್ರೈಮರ್.

2020ರಲ್ಲಿ ಕೊರೊನಾ ಬಂದ ಮೇಲೆ ಆರ್‌ಟಿ-ಪಿಸಿಆರ್ ಎಂಬ ಮಾತು ಊರ ಕಟ್ಟೆಯ ಮೇಲೂ ಕೇಳಿಬಂತು. ವರದಿಯಲ್ಲಿದ್ದ ಸಿಟಿ ಸಂಖ್ಯೆಯನ್ನು ಜನ ಮಕ್ಕಳ ಪರೀಕ್ಷೆಯ ಅಂಕಗಳಂತೆ ಹೋಲಿಸಿ ನೋಡಿದರು. ಆ ಸಂಖ್ಯೆ ಬಂದದ್ದು ಬೆಳಕಿನಿಂದ ಎಂಬುದು ಬಹಳ ಮಂದಿಗೆ ಗೊತ್ತಾಗಲಿಲ್ಲ.

ಪಿಸಿಆರ್ ವಿಧಾನದ ಕಲ್ಪನೆ 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಅವರಿಗೆ ಬಂತು. 1993ರಲ್ಲಿ ನೊಬೆಲ್ ಬಹುಮಾನವೂ ಬಂತು. ಡಿಎನ್‌ಎಯನ್ನು 95 ಡಿಗ್ರಿಗೆ ಕಾಯಿಸಿದರೆ ಅದರ ಎರಡು ಎಳೆಗಳು ಬೇರೆಯಾಗುತ್ತವೆ. 60 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಪ್ರೈಮರುಗಳು ತಮ್ಮ ಜಾಗ ಹುಡುಕಿ ಕೂರುತ್ತವೆ. ಕಿಣ್ವ ಅಲ್ಲಿಂದ ಪ್ರತಿ ಮಾಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸುತ್ತು ಮುಗಿಯುವಷ್ಟರಲ್ಲಿ ಒಂದೇ ತುಂಡು ಲೆಕ್ಕದ ಪ್ರಕಾರ 100 ಕೋಟಿ ದಾಟುತ್ತದೆ. ಆದರೆ ಮೊದಮೊದಲು ಎಲ್ಲ ಮುಗಿದ ಮೇಲಷ್ಟೇ ಫಲ ನೋಡಬೇಕಿತ್ತು. 1992ರಲ್ಲಿ ರಸೆಲ್ ಹಿಗುಚಿ ಮತ್ತು ಸಂಗಡಿಗರು ಹೊಳೆಯುವ ಬಣ್ಣವೊಂದನ್ನು ಟ್ಯೂಬಿನೊಳಗೇ ಹಾಕಿ, ಪ್ರತಿಗಳು ಹೆಚ್ಚಿದಂತೆ ಬೆಳಕು ಹೆಚ್ಚುವುದನ್ನು ತೋರಿಸಿಕೊಟ್ಟರು. ಬೆಳಕು ನಿಗದಿತ ಗೆರೆ ದಾಟಿದ ಸುತ್ತು ಎಷ್ಟನೆಯದೋ ಅದೇ ಸಿಟಿ. 18ರಲ್ಲೇ ದಾಟಿದರೆ ಮಾದರಿಯಲ್ಲಿ ವೈರಾಣುವಿನ ತುಣುಕು ಹೆಚ್ಚು. 28ರಲ್ಲಿ ದಾಟಿದರೆ ಅದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ.

ತೊಡಕೇನೆಂದರೆ ಆ ಬಣ್ಣಕ್ಕೆ ತನ್ನವರು, ಪರರು ಎಂಬ ಭೇದವಿಲ್ಲ. ಯಾವ ಜೋಡಿ ಎಳೆ ಸಿಕ್ಕರೂ ಹೊಳೆಯುತ್ತದೆ. ಹಾಗಾಗಿ ಬೆಳಕನ್ನು ಅಕ್ಷರಗಳಿಗೇ ಕಟ್ಟಿಹಾಕುವ ಯತ್ನ ನಡೆಯಿತು. 2002ರಲ್ಲಿ ಐರಿನಾ ನಜರೆಂಕೊ ಮತ್ತು ಜೊತೆಗಾರರು ಪ್ರಕಟಿಸಿದ ಉಪಾಯ ಅವುಗಳಲ್ಲಿ ಬಲು ಚೆಂದದ್ದು. ಪ್ರೈಮರಿನ ಮುಂದಿನ ತುದಿಯ ಬಳಿ ಒಂದೇ ಒಂದು ಬಣ್ಣದ ಅಣು. ಹಿಂದಿನ ತುದಿಗೆ ಕೆಲವು ಹೆಚ್ಚುವರಿ ಅಕ್ಷರಗಳ ಬಾಲ. ಈ ಬಾಲ ಮುಂದಿನ ತುದಿಗೆ ಹೊಂದುವಂತಿರುವುದರಿಂದ ಪ್ರೈಮರ್ ತನ್ನಷ್ಟಕ್ಕೆ ಬಾಗಿ ಮಡಚಿಕೊಳ್ಳುತ್ತದೆ. ಆಗುಂಬೆ ಘಾಟಿಯ ತಿರುವಿಗಿರುವ ಹೆಸರೇ ಇದಕ್ಕೂ ಇದೆ, ಹೇರ್‌ಪಿನ್. ಮಡಚಿರುವಷ್ಟು ಹೊತ್ತು ಬೆಳಕು ಮಂಕು. ಪ್ರೈಮರ್ ತನ್ನ ಜಾಗದಲ್ಲಿ ಕುಳಿತು, ಕಿಣ್ವ ಅದನ್ನು ಬೆಳೆಸಿ, ಜೋಡಿ ಎಳೆ ನೇರವಾದಾಗ ಬೆಳಕು ಹಲವು ಪಟ್ಟು ಏರುತ್ತದೆ.

ಹೇಳುವುದು ಸುಲಭ, ಬರೆಯಲು ಕುಳಿತವರಿಗೆ ಗೊತ್ತು ಅದರ ಕಷ್ಟ. ಮಗಳು ಮೂರು ದಿನದಿಂದ ಇಪ್ಪತ್ತೇ ಅಕ್ಷರ ಬರೆಯುತ್ತಿದ್ದಾಳೆ ಎಂದರೆ ಯಾವ ತಂದೆಗಾದರೂ ಗಾಬರಿಯಾದೀತು. ಇರುವುದೋ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಆದರೆ 10 ಅಕ್ಷರಗಳ ಪ್ರೈಮರ್ ಬರೆದರೆ, ಸುಮಾರು 300 ಕೋಟಿ ಅಕ್ಷರಗಳ ಮಾನವ ಡಿಎನ್‌ಎಯಲ್ಲಿ ಅಂಥ ಸಾಲು ಆಕಸ್ಮಿಕವಾಗಿಯೇ ಕೆಲವು ಸಾವಿರ ಕಡೆ ಸಿಕ್ಕಬಹುದು. 20 ಅಕ್ಷರಗಳಾದರೆ ಸಾಧ್ಯವಿರುವ ಸಾಲುಗಳು ಲಕ್ಷ ಕೋಟಿ ದಾಟುತ್ತವೆ. ಗುರಿ ತಪ್ಪುವ ಭಯ ಬಹಳ ಕಡಿಮೆಯಾಗುತ್ತದೆ. ಹಾಗೆಂದು ಉದ್ದ ಮಾಡುತ್ತ ಹೋಗುವಂತೆಯೂ ಇಲ್ಲ, ಶಾಖದ ಲೆಕ್ಕ ಕೆಡುತ್ತದೆ. ಇದಕ್ಕೊಂದು ಹಳೆಯ ಕೈಲೆಕ್ಕವಿದೆ: ಎ ಅಥವಾ ಟಿಗೆ 2 ಡಿಗ್ರಿ, ಜಿ ಅಥವಾ ಸಿಗೆ 4 ಡಿಗ್ರಿ. ಎರಡೂ ಬಗೆಯವು ಹತ್ತು ಹತ್ತು ಇದ್ದರೆ 60 ಡಿಗ್ರಿ. ಪಿಯುಸಿ ವಿದ್ಯಾರ್ಥಿಯೂ ಬಾಯಲ್ಲೇ ಹಾಕಬಹುದಾದ ಈ ಲೆಕ್ಕ ಅಂದಾಜಿನದು. ಕಂಪ್ಯೂಟರು ಇದಕ್ಕಿಂತ ಸೂಕ್ಷ್ಮವಾಗಿ ಹಾಕುತ್ತದೆ.

ಬಾಲ ತೀರಾ ಉದ್ದವಾದರೆ ಮಡಿಕೆ ಬಿಚ್ಚದು, ಗಿಡ್ಡವಾದರೆ ಮಡಚುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಉಪದ್ರವ ಇನ್ನೊಂದಿದೆ. ಟ್ಯೂಬಿನಲ್ಲಿ ಹಾಕಿದ ಎರಡು ಪ್ರೈಮರುಗಳ ತುದಿಗಳಲ್ಲಿ ನಾಲ್ಕೈದು ಅಕ್ಷರ ಹೊಂದಿಕೊಂಡರೂ ಸಾಕು, ಅವು ಹುಡುಕಬೇಕಾದುದನ್ನು ಮರೆತು ಒಂದನ್ನೊಂದು ತಬ್ಬಿಕೊಳ್ಳಬಹುದು. ಕಿಣ್ವಕ್ಕೆ ಅದರ ಅರಿವಿಲ್ಲ. ಅದನ್ನೇ ಪ್ರತಿ ಮಾಡುತ್ತದೆ. ರೋಗಾಣುವೇ ಇಲ್ಲದೆ ಬೆಳಕು ಬರುತ್ತದೆ. ಆದ್ದರಿಂದಲೇ ಪ್ರತಿ ಪರೀಕ್ಷೆಯಲ್ಲೂ ಬರಿಯ ನೀರು ಹಾಕಿದ ಒಂದು ಟ್ಯೂಬು ಇಡುತ್ತಾರೆ. 40 ಸುತ್ತು ಮುಗಿದರೂ ಅದು ಕತ್ತಲಾಗಿಯೇ ಇರಬೇಕು.

2020ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಹೊಳೆದದ್ದು ಆ ಟ್ಯೂಬೇ. ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಕೊರೊನಾ ಪತ್ತೆಗೆ ಕಿಟ್ಟುಗಳನ್ನು ತಯಾರಿಸಿ ಆಯಾ ರಾಜ್ಯಗಳ ಪ್ರಯೋಗಾಲಯಗಳಿಗೆ ಕಳುಹಿಸಿತ್ತು. ಅದರಲ್ಲಿ ವೈರಾಣು ಹುಡುಕಲು ಎನ್1, ಎನ್2, ಎನ್3 ಎಂಬ ಮೂರು ಜೋಡಣೆಗಳು. ಪ್ರತಿಯೊಂದರಲ್ಲೂ ಎರಡು ಪ್ರೈಮರು, ಜೊತೆಗೆ ಬೆಳಕು ಕೊಡುವ ಶೋಧಕ ಎಂಬ ಮೂರನೆಯ ತುಂಡು. ಇಲ್ಲಿ ಬಣ್ಣ ಇದ್ದದ್ದು ಪ್ರೈಮರಿನಲ್ಲಲ್ಲ, ಈ ಶೋಧಕದಲ್ಲಿ. ಸಾಕ್ಷಿ ಇಬ್ಬರಿಗಿಂತ ಮೂವರಿದ್ದರೆ ಮೇಲು ಎಂಬಂಥ ಏರ್ಪಾಡು. ಕಿಟ್ಟು ತಲುಪಿದ ಪ್ರಯೋಗಾಲಯಗಳವರು ರೋಗಿಗಳ ಮಾದರಿ ಮುಟ್ಟುವ ಮುನ್ನ ಮೊದಲು ಪರೀಕ್ಷಿಸಿ ನೋಡಿದರೆ, ವೈರಾಣುವಿಲ್ಲದ ಟ್ಯೂಬಿನಲ್ಲೂ ಬೆಳಕು!

ಅದನ್ನು ಕಂಡು ಬಾಯಿಮುಚ್ಚಿಕೊಂಡು ಮುಂದುವರಿಯದಿದ್ದುದು ಆ ತಂತ್ರಜ್ಞರ ದೊಡ್ಡತನ. ಅದರ ಬೆಲೆಯೂ ಸಣ್ಣದಾಗಿರಲಿಲ್ಲ. ಸೋಂಕು ಊರೂರಿಗೆ ಹಬ್ಬುತ್ತಿದ್ದಾಗ ಹಲವು ರಾಜ್ಯಗಳು ಮಾದರಿಗಳನ್ನು ಅಟ್ಲಾಂಟಾಕ್ಕೆ ಕಳುಹಿಸಿ ಉತ್ತರಕ್ಕೆ ಕಾಯಬೇಕಾಯಿತು. ಎನ್3 ಬಿಟ್ಟು ಪರೀಕ್ಷೆ ನಡೆಸಲು ಅವಕಾಶ ಸಿಕ್ಕಿದ್ದು ಫೆಬ್ರವರಿ 26ರಂದು. ಕಳೆದುಹೋದ ಆ ಮೂರು ವಾರಗಳಲ್ಲಿ ಯಾರ ಮನೆಯಲ್ಲಿ ಯಾರಿಗೆ ಸೋಂಕು ತಗಲಿತೋ, ಲೆಕ್ಕ ಇಟ್ಟವರಾರು?

ಸಿಡಿಸಿಯ ವಿಜ್ಞಾನಿಗಳೇ ಕಾರಣ ಹುಡುಕಿ 2021ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಎನ್1ರಲ್ಲಿ ಕೃತಕ ಡಿಎನ್‌ಎ ಬೆರೆತಿತ್ತು. ಅದು ಶುಚಿತ್ವದ ಲೋಪ. ಎನ್3ರ ಕತೆ ಬೇರೆ. ಅಲ್ಲಿ ಶೋಧಕವೂ ಪ್ರೈಮರೂ ಪರಸ್ಪರ ಬೆಸೆದುಕೊಂಡು ಬೆಳಕು ಕೊಡುತ್ತಿದ್ದವು. ಎಷ್ಟು ಶುಚಿಯಾಗಿ ತಯಾರಿಸಿದರೂ ಅದು ನಿಲ್ಲುವಂತಿರಲಿಲ್ಲ, ಏಕೆಂದರೆ ತಪ್ಪು ಇದ್ದದ್ದು ಅಕ್ಷರಗಳಲ್ಲೇ. ಎನ್3 ಕೈಬಿಟ್ಟು, ಎನ್1 ಮತ್ತು ಎನ್2ರಿಂದಲೇ ಪರೀಕ್ಷೆ ಮುಂದುವರಿಯಿತು.