ಔಟಾದವನು ಒಳಗೆ ಬರಬೇಕಾದರೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿ ಪಕ್ಕದ ಕೇರಿಯವರು ನಾವು. ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲದಲ್ಲಿ ಕೀಳುವುದಕ್ಕೆ ಏನೂ ಇರುವುದಿಲ್ಲ. ಆಗ ಆ ಹೊಲವೇ ನಮ್ಮ ಕಬಡ್ಡಿ ಅಂಕಣ. ಒಲೆಯ ಬೂದಿಯಲ್ಲಿ ಗೆರೆ ಎಳೆದು ಆಡಿದವರು ನಾವು.

ನಮ್ಮಲ್ಲಿ ಚೆನ್ನಾಗಿ ರೈಡ್ ಮಾಡುವವನೊಬ್ಬ ಪಂಪ್‌ಸೆಟ್ ಮೋಟಾರು ಕದ್ದ ಎಂಬ ಕೇಸಿನಲ್ಲಿ ಜೈಲಿಗೆ ಹೋದ. ಜಾಮೀನಿಗೆ ಪಹಣಿ ಬೇಕು ಅಂದರು. ನಮ್ಮ ಕೇರಿಯಲ್ಲಿ ಯಾರ ಹೆಸರಿಗೆ ಪಹಣಿ? ಹದಿನಾಲ್ಕು ತಿಂಗಳು ಒಳಗಿದ್ದ. ಈ ದೇಶದ ಜೈಲುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂವರು ಹೀಗೆ ತೀರ್ಪಿಗೆ ಕಾದು ಕುಂತವರೇ. ದೊಡ್ಡವರು 'ಸುಧಾರಣೆ' ಎಂದು ಭಾಷಣ ಮಾಡುತ್ತಾರಲ್ಲ, ತಪ್ಪೇ ಸಾಬೀತಾಗದವನನ್ನು ಏನೆಂದು ಸುಧಾರಿಸುತ್ತಾರೆ?

ಆದರೂ ಜೈಲಿನ ಆಟವನ್ನು ನಾವು ಹಗುರ ಮಾಡುವುದಿಲ್ಲ. ಅವನೇ ಹೇಳಿದ: "ಸಂಜೆ ಒಂದು ತಾಸು ವಾಲಿಬಾಲ್ ಇರ್ತಿತ್ತು ಕಣಣ್ಣ. ಆ ಒಂದು ತಾಸು ಯಾರೂ ನನ್ನ ಕೇಸು ಕೇಳ್ತಿರಲಿಲ್ಲ. ಬಾಲ್ ಕೊಡಲೇ ಅಂತಿದ್ರು." 2021ರಲ್ಲಿ ಇಂಡಿಯನ್ ಆಯಿಲ್ ಕಂಪನಿ ಕೈದಿಗಳಿಗೆ ಆಟ ಕಲಿಸುವ 'ಪರಿವರ್ತನ್' ಶುರು ಮಾಡಿತು. ಒಳ್ಳೆಯದೇ. ಆದರೆ ಹೆಸರಾಂತ ಆಟಗಾರ ಒಂದು ದಿನ ಕಾರಿನಲ್ಲಿ ಬಂದು ಕೈಬೀಸಿ ಹೋದರೆ ಅವನು ಯಾರಿಗೆ ಮಾದರಿ?

ನಾವಾದರೆ ಪಾಲ್ವಂಕರ್ ಬಾಲೂ ಕತೆ ಹೇಳುತ್ತೇವೆ. ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಹುಡುಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಗುಡಿಸುತ್ತಲೇ ಬೌಲರ್ ಆದ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ. ಅವನು ಮುಟ್ಟಿದ ಚೆಂಡು ಪುಣೆಯ ಹಿಂದೂ ತಂಡಕ್ಕೆ ಮೈಲಿಗೆಯಾಗಲಿಲ್ಲ. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಮುಂಬಯಿಯ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು.

ಅದು ಹಳೇ ಕಾಲ ಅನ್ನಬೇಡಿ. ಜೈಲಿನಲ್ಲಿ ಗುಡಿಸುವವನು ಯಾರು, ಅಡುಗೆ ಮಾಡುವವನು ಯಾರು ಎಂದು ಜಾತಿ ನೋಡಿ ಹಂಚುವ ನಿಯಮಗಳು ಎಷ್ಟೋ ರಾಜ್ಯಗಳ ಕೈಪಿಡಿಗಳಲ್ಲಿದ್ದವು. ಸುಪ್ರೀಂ ಕೋರ್ಟು ಅವನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ.

ನಮ್ಮ ತಪ್ಪನ್ನೂ ಹೇಳಬೇಕು. ಅವನು ಜಾಮೀನಿನ ಮೇಲೆ ಬಂದ ವಾರವೇ ಟೂರ್ನಮೆಂಟು. "ಜೈಲಿಗೆ ಹೋಗಿ ಬಂದೋನು ಇದ್ರೆ ನಾವು ಆಡಾಕಿಲ್ಲ" ಅಂದರು ಊರ ತಂಡದವರು. ನಮ್ಮವರೇ ಇಬ್ಬರು, "ಇದೊಂದ್ ಸಲ ಕೂತ್ಕಳ್ಳಲಿ ಬಿಡ್ರಪ್ಪ" ಅಂದರು. ನಾವೂ ಬಾಯಿ ಬಿಡಲಿಲ್ಲ. ಕಬಡ್ಡಿಯಲ್ಲಿ ಔಟಾದವನು ತಾನಾಗಿ ಒಳಗೆ ಬರಲಾರ. ಅವನ ಕಡೆಯವರು ಎದುರಿನವರನ್ನು ಔಟ್ ಮಾಡಿದರೇನೇ ಅವನಿಗೆ ಜೀವ. ಹುಟ್ಟಿದಾಗಿನಿಂದ ಆಡಿದ ಆಟದ ಈ ನಿಯಮ ಅವತ್ತು ನಮ್ಮ ತಲೆಗೆ ಹೊಳೆಯಲಿಲ್ಲ. ಮರುವಾರ ಅವನ ಮನೆಗೆ ಹೋದರೆ ಅವರವ್ವ ಬಾಗಿಲಲ್ಲೇ ಕೇಳಿದಳು: "ಈಗ ಬಂದ್ರೇನಪ್ಪಾ?"

ಈಗ ಕೇರಿಯ ಹುಡುಗರಿಗೆ ಅವನೇ ಕಬಡ್ಡಿ ಮಾಸ್ತರ. ಎಲ್ಲಿ ಕಳವಾದರೂ ಪೊಲೀಸರು ಮೊದಲು ಬರುವುದು ಅವನನ್ನು ಹುಡುಕಿಕೊಂಡೇ. ಹೋದ ತಿಂಗಳು ಬಂದಾಗ ಹುಡುಗರು ಆಟ ನಿಲ್ಲಿಸಿ ಜೀಪಿನ ಸುತ್ತ ನಿಂತರು. "ನಮ್ಮ ಮಾಸ್ತರನ್ನ ಯಾಕ್ ಸಾರ್ ಕರ್ಕಂಡೋಗ್ತೀರಿ?" ಎಂದು ಆರನೇ ಕ್ಲಾಸಿನವನೊಬ್ಬ ಕೇಳಿದ. ಜೀಪು ಖಾಲಿ ಹೋಯಿತು. ಮೋಟಾರಿನ ಕೇಸು ಇನ್ನೂ ನಡೆದಿದೆ. ಮುಂದಿನ ವಾಯಿದೆಗೆ ನಾವೂ ಜೊತೆಗೆ ಹೋಗುತ್ತಿದ್ದೇವೆ.