ಹಾವು, ಏಣಿ, ಕೊಕ್ಕೆಹುಳು

ಆಟವೆಂದರೆ ಕಾಲಹರಣವೆಂದು ಗದರುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಆದರೆ ಅವರಿಗೂ ಹಿರಿಯರಾದವರು ಪರಮಪದ ಸೋಪಾನ ಪಟವನ್ನು ಹಾಸಿಕೊಂಡು, ಪುಣ್ಯದ ಏಣಿಯನ್ನೇರಿ, ಪಾಪದ ಹಾವಿನ ಬಾಯಿಗೆ ಸಿಕ್ಕಿ ಜಾರಿ, ವೈಕುಂಠದ ಹಾದಿಯನ್ನು ಅರಿತರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸುವುದರಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ವೈಕುಂಠದ ದಾರಿಯನ್ನು ತೋರಬಲ್ಲ ಪಟವು ನಮ್ಮ ಕರುಳಿನ ದಾರಿಯನ್ನು ತೋರಲಾರದೇ?

ಕೊಡಗಿನ ದಕ್ಷಿಣದಂಚಿನಲ್ಲಿ ವಯನಾಡಿಗೆ ಹೊಂದಿಕೊಂಡಿರುವ ನಮ್ಮ ಕುಟ್ಟದಲ್ಲಿ, ಮಳೆಗಾಲ ಮುಗಿಯುವವರೆಗೆ ಕಾಫಿ ತೋಟದ ನೆಲ ಆರುವುದೇ ಇಲ್ಲ. ನೆರಳೂ ತೇವವೂ ಕಾಫಿ ಗಿಡಕ್ಕೆ ಹಿತ. ಕೊಕ್ಕೆಹುಳುವಿನ ಮರಿಗೂ ಹಿತ. ಬಯಲಿನಲ್ಲಿ ಬಿದ್ದ ಮಲದೊಳಗಿನ ಮೊಟ್ಟೆಗಳು ಒಡೆಯುತ್ತವೆ. ಹೊರಬಂದ ಮರಿಗಳು ಬರಿಗಾಲಿನ ಚರ್ಮವನ್ನು ಭೇದಿಸಿ, ರಕ್ತದೊಡನೆ ಶ್ವಾಸಕೋಶವನ್ನು ಸೇರಿ, ಗಂಟಲಿಗೇರಿ, ಉಗುಳಿನೊಡನೆ ನುಂಗಲ್ಪಟ್ಟು ಕರುಳಿಗಿಳಿಯುತ್ತವೆ. ಅಲ್ಲಿ ಗೋಡೆಯನ್ನು ಕಚ್ಚಿ ಹಿಡಿದು ರಕ್ತವನ್ನು ಹೀರುತ್ತವೆ. ತರಗತಿಯಲ್ಲಿ ತೂಕಡಿಸುವ ಬಾಲಕನನ್ನು ಸೋಮಾರಿಯೆಂದು ಕರೆಯುವ ಮೊದಲು ಅವನ ಕಣ್ಣರೆಪ್ಪೆಯ ಒಳಭಾಗ ಬಿಳಿಚಿಕೊಂಡಿದೆಯೇ ಎಂದು ನೋಡುವುದು ಲೇಸು.

ಈ ವಿಚಿತ್ರ ಯಾತ್ರೆಯನ್ನು ಭಾಷಣವಾಗಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ನೈಜೀರಿಯ ದೇಶದ ಅಬೆಯೊಕುಟ ನಗರದಲ್ಲಿ ಶಾಲಾಬಾಲಕರಿಗೆ ‘ಹುಳುಗಳು ಮತ್ತು ಏಣಿಗಳು’ ಎಂಬ ಪಟವನ್ನಾಡಿಸಿದ ಸಂಶೋಧಕರು, ಆಡಿದವರಲ್ಲಿ ತಿಳಿವಳಿಕೆ ಹೆಚ್ಚಿ ಸೋಂಕು ತಗ್ಗಿತೆಂದು 2020ರಲ್ಲಿ ಪ್ರಕಟಿಸಿದರು. ಅದನ್ನು ತಿಳಿದ ಮೇಲೆ ನಾನೂ ದಪ್ಪ ಕಾಗದವೊಂದರ ಮೇಲೆ ನೂರು ಮನೆಗಳನ್ನು ಬರೆದೆ. ಸಾಬೂನು, ಕುದಿಸಿದ ನೀರು, ಶೌಚಾಲಯ, ಚಪ್ಪಲಿ ಇವು ಏಣಿಗಳಾದವು. ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಕೊಡುವ ಅಲ್ಬೆಂಡಜೋಲ್ ಮಾತ್ರೆಗೂ ಒಂದು ಏಣಿಯಿತ್ತೆ. ಆ ದಿನಾಚರಣೆ ನಮ್ಮ ದೇಶದಲ್ಲಿ 2015ರಿಂದ ನಡೆಯುತ್ತಿದೆ. ಆದರೆ ಅದು ಗಿಡ್ಡ ಏಣಿ. ಮಾತ್ರೆಯು ಒಳಗಿರುವ ಹುಳುವನ್ನು ಹೊರಹಾಕೀತು; ನಾಳೆ ಬರುವುದನ್ನು ತಡೆಯದು.

ಸಂಜೆ ಲೈನ್ ಮನೆಗಳ ಮಕ್ಕಳು ನಮ್ಮ ಜಗಲಿಗೆ ಬರತೊಡಗಿದರು. ಹಾವಿನ ಬಾಯಿಗೆ ಬಿದ್ದವರು, ಹುಳು ಒಳಹೊಕ್ಕ ಬಗೆಯನ್ನು ವಿವರಿಸಿದ ಬಳಿಕವೇ ಮತ್ತೆ ದಾಳ ಹಾಕಬೇಕು. ಎರಡು ದಿನಗಳಲ್ಲಿ ಎಲ್ಲರೂ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಮೂರು ಬಾರಿ ‘ಬರಿಗಾಲು’ ಎಂಬ ಮನೆಯಲ್ಲಿ ಸಿಕ್ಕಿಬಿದ್ದ ಹುಡುಗಿಯೊಬ್ಬಳು ದಾಳವನ್ನು ಕೆಳಗಿಟ್ಟು ಕೇಳಿದಳು: “ಮೇಷ್ಟ್ರೇ, ಚಪ್ಪಲಿ ಇಲ್ಲದವರನ್ನೇ ಈ ಹಾವು ಕಚ್ಚುವುದಾದರೆ, ದಾಳ ಹಾಕಿ ಏನು ಮಾಡೋದು?”

ಪಟದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದ ಅವಳ ತಾಯಿ ಏನೂ ಮಾತನಾಡಲಿಲ್ಲ. ಮರುದಿನ ಬಂದು ಪಟವನ್ನು ಕೇಳಿ ಪಡೆದು, ಸುರುಳಿ ಸುತ್ತಿ ತೋಟದ ರೈಟರ ಬಳಿಗೆ ಒಯ್ದರು. ಆ ಮನೆಯ ಮೇಲೆ ಬೆರಳಿಟ್ಟು, “ನಮ್ಮ ಮಕ್ಕಳು ದಿನವೂ ನಿಲ್ಲೋದು ಇಲ್ಲೇ” ಎಂದರಂತೆ. ಪಟವಿನ್ನೂ ಹಿಂದಿರುಗಿಲ್ಲ. ಮಕ್ಕಳು ಹೊಸದೊಂದನ್ನು ಬರೆಯುತ್ತಿದ್ದಾರೆ.