ಆರನೇ ಸ್ಟೇಷನ್ನಿನ ನೀರು

ಐವತ್ತು ಹೆಜ್ಜೆ. ಎಣಿಸಿಕೊಂಡೇ ಹೋಗಿದ್ದೆ.

ಲಾರಿಯ ಹಿಂಗಾಲಿಗಳು ಉಸುಕಿನಲ್ಲಿ ಅರ್ಧಕ್ಕೆ ಹೂತಿದ್ದವು. ಹದಿಮೂರು ಮಂದಿ ಸುಡಾನಿಗಳು ಕುಕ್ಕರಗಾಲಲ್ಲಿ ಕೂತು ಬರಿಗೈಲಿ ಉಸುಕು ತೋಡುತ್ತಿದ್ದರು. ನನಗೆ ಹೊಟ್ಟೆ ಕೆಟ್ಟಿತ್ತು. ಕುಡಿಯುವ ನೀರಿನ ಬಾಟಲಿಯನ್ನೇ ಚರಗಿ ಮಾಡಿಕೊಂಡು ದಿಬ್ಬದಾಚೆ ನಡೆದೆ. ಬೀಳಗಿ ತಾಲೂಕಿನ ಹುಡುಗ ಯಾವ ದೇಶಕ್ಕೆ ಹೋದರೂ ಚರಗಿಯ ಮರ್ಯಾದೆ ಬಿಡುವುದಿಲ್ಲ. ಕೂತು ಏಳುವಷ್ಟರಲ್ಲಿ ಆಕಾಶದ ಒಂದು ಮಗ್ಗುಲೇ ಎದ್ದು ನಿಂತಿತ್ತು.

ಕಂದು ಗೋಡೆ. ಸದ್ದಿಲ್ಲ. ನೆಲದಿಂದ ಮುಗಿಲಿನವರೆಗೆ ಕಟ್ಟಿದಂತೆ, ನೋಡನೋಡುತ್ತ ಹತ್ತಿರ ಬರುವ ಗೋಡೆ. ತೊಳೆದುಕೊಳ್ಳುವುದಕ್ಕೂ ಬಿಡಲಿಲ್ಲ, ಪ್ಯಾಂಟು ಏರಿಸಿಕೊಂಡು ಓಡಿದೆ. ಇಪ್ಪತ್ತು ಹೆಜ್ಜೆ ಓಡಿರಬೇಕು, ಗೋಡೆ ಮೈಮೇಲೆ ಬಿತ್ತು. ಈಗ ಸದ್ದು ಬಂತು, ಸಾವಿರ ಕಬ್ಬಿನ ಗಾಡಿ ಒಮ್ಮೆಗೇ ತಲೆಯ ಮೇಲೆ ಹಾಯ್ದಂತೆ. ಕಣ್ಣು ಬಿಟ್ಟರೆ ಉಸುಕು, ಬಾಯಿ ಬಿಟ್ಟರೆ ಉಸುಕು. ನನ್ನ ಕೈ ನನಗೇ ಕಾಣಲಿಲ್ಲ.

2013ರ ಮೇ ತಿಂಗಳು. ಸುಡಾನಿನ ಉತ್ತರ ಭಾಗದ ನೂಬಿಯನ್ ಮರುಭೂಮಿ. ವಯಸ್ಸು ಇಪ್ಪತ್ತೆರಡು.

ಅಲ್ಲಿಗೆ ಹೋಗಿ ಸಿಕ್ಕಿಬಿದ್ದದ್ದು ಹೇಗೆ ಎಂದರೆ, ಮುಳುಗಡೆಯ ರೊಕ್ಕದಿಂದ. ಕೃಷ್ಣೆಯ ದಂಡೆಯ ನಮ್ಮೂರು ಆಲಮಟ್ಟಿಯ ಹಿನ್ನೀರಿಗೆ ಹೋದಾಗ ನಾನಿನ್ನೂ ಕನ್ನಡ ಸಾಲಿಯ ಹುಡುಗ. ಆಣೆಕಟ್ಟಿನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಬಹುದು ಎಂದು 2000ದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಸಂಖ್ಯೆ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಊರು ಎದ್ದು ಪುನರ್ವಸತಿ ಕೇಂದ್ರವಾಯಿತು. ಮುತ್ಯಾ ಮಾತ್ರ ಕಡೆಯ ತನಕ ಏಳಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು, "ಬರ್ಲಿ, ನೀರ ಬಂದ ಕೂಡಲೆ ಏಳ್ತೀನಿ" ಎನ್ನುತ್ತಿದ್ದ. ಆ ಬಾವಿಯ ನೀರೋ ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ ಎಂದು ಆಯಿ ಜೀವಮಾನವಿಡೀ ಜಗಳ ತೆಗೆದಿದ್ದಳು. ಮುತ್ಯಾನಿಗೆ ಅದೇ ನೀರು ಬೇಕು.

ಎಂಜಿನಿಯರಿಂಗ್ ಮುಗಿಸಿ ಬಾಗಲಕೋಟೆಯಿಂದ ಮನೆಗೆ ಬಂದಾಗ ಅಪ್ಪ ನೌಕರಿಯ ಮಾತೆತ್ತಿದ. ಮುತ್ಯಾ ತನ್ನ ಹೆಸರಿನಲ್ಲಿ ಉಳಿದಿದ್ದ ಪರಿಹಾರದ ರೊಕ್ಕ ನನ್ನ ಕೈಗಿಟ್ಟ. "ಹೊಲ ಹೋದ ಮ್ಯಾಲೆ ಈ ರೊಕ್ಕ ಬಿತ್ತಾಕ ಬರಂಗಿಲ್ಲ. ಹೋಗು, ಎಲ್ಲೆ ಎಲ್ಲೆ ನೀರ ಐತಿ ನೋಡ್ಕೊಂಡ ಬಾ." ಜೊತೆಗೆ ತನ್ನ ಹಳೇ ಪಟಗ ಕೊಟ್ಟ. ಅವ್ವ ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಈಗಿನ ಹುಡುಗರಿಗೆ ಡಾ. ಬ್ರೋ ಗಗನ್ ಮೊಬೈಲಿನಲ್ಲೇ ಆಫ್ರಿಕಾ ತೋರಿಸುತ್ತಾನೆ. ಆಗ ನನಗೆ ದಾರಿ ತೋರಿಸಿದ್ದು ಒಂದು ಹರಿದ ಶಾಲಾ ಅಟ್ಲಾಸು.

ಏಷ್ಯಾದ ಕತೆ ಬೇಗ ಹೇಳಿ ಮುಗಿಸುತ್ತೇನೆ. ನೇಪಾಳದಲ್ಲಿ ಅನ್ನಪೂರ್ಣಾ ಸುತ್ತಿನ ಥೊರಾಂಗ್ ಲಾ, 5,416 ಮೀಟರ್ ಎತ್ತರದ ಕಣಿವೆದಾರಿ. ಸೂರ್ಯ ಹುಟ್ಟುವ ಮುಂಚೆ ಹತ್ತುವಾಗ ತಲೆಯೊಳಗೆ ಯಾರೋ ಕಲ್ಲು ಒಡೆಯುತ್ತಿದ್ದರು. ಮಂಜಿನ ಮೇಲೆ ಕೂತು ಅಲ್ಲೇ ಮಲಗೋಣ ಅನ್ನಿಸಿತು. ಅಪರಿಚಿತ ಹೊರೆಯಾಳೊಬ್ಬ ಕಾಲರು ಹಿಡಿದೆತ್ತಿ, ಬೆನ್ನಿಗೆ ಗುದ್ದಿ ಮುಂದಕ್ಕೆ ನೂಕಿದ. ಎರಡು ವರ್ಷದ ಮೇಲೆ, 2014ರ ಅಕ್ಟೋಬರಿನಲ್ಲಿ, ಆ ಪ್ರದೇಶದಲ್ಲಿ ಹಿಮಗಾಳಿಗೆ ಸಿಕ್ಕು 40ಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಓದಿದ ದಿನ ಬೆನ್ನು ಮತ್ತೆ ನೋಯಿತು. ಇರಾನಿನ ಯಜ್ದ್‌ನಲ್ಲಿ ನೆಲದಡಿ ಮೈಲಿಗಟ್ಟಲೆ ನೀರು ತರುವ ಕನಾತ್ ಸುರಂಗಗಳನ್ನು ನೋಡಿದೆ. ವಿಜಯಪುರದ ಸುರಂಗ ಬಾವಡಿಯ ಅಜ್ಜ-ಮುತ್ತಜ್ಜರು. ಟರ್ಕಿ ದಾಟಿ ಕೈರೋ. ಕೈರೋದಿಂದ ರೈಲಿನಲ್ಲಿ ಅಸ್ವಾನ್.

ಅಸ್ವಾನಿನಲ್ಲಿ ಆಗ ವಾರಕ್ಕೊಂದು ಹಡಗು. ಫ್ರಿಜ್ಜು, ಕಂಬಳಿ, ಈರುಳ್ಳಿ ಚೀಲ, ಮಂಚ, ಅದರ ನಡುನಡುವೆ ಮನುಷ್ಯರು. ಅಸ್ವಾನ್ ಆಣೆಕಟ್ಟಿನ ಹಿನ್ನೀರಾದ ನಾಸರ್ ಸರೋವರದ ಮೇಲೆ ಒಂದು ರಾತ್ರಿ ಹಾಯ್ದರೆ ಬೆಳಗ್ಗೆ ಸುಡಾನಿನ ವಾದಿ ಹಾಲ್ಫಾ. 1983ರಲ್ಲಿ ಇದೇ ನೀರಿನ ಮೇಲೆ ಹಡಗೊಂದಕ್ಕೆ ಬೆಂಕಿ ಬಿದ್ದು ನೂರಾರು ಜನ ಸತ್ತಿದ್ದರು. ಅದನ್ನು ನನಗೆ ಹೇಳಿದವನು ಮಗ್ಗುಲಲ್ಲೇ ಗೊರಕೆ ಹೊಡೆದು ಮಲಗಿದ. ನಾನು ರಾತ್ರಿಯಿಡೀ ಹಡಗಿನ ಕಟಕಟೆ ಹಿಡಿದು ಕೂತೆ. ದಂಡೆಯಲ್ಲಿ ಅಬು ಸಿಂಬೆಲ್ ದೇವಾಲಯದ ದೀಪ ಕಾಣಿಸಿತು. ನೀರು ಏರುತ್ತದೆಂದು 1964ರಿಂದ 68ರವರೆಗೆ ಆ ಗುಡಿಯನ್ನು ತುಂಡುತುಂಡಾಗಿ ಕೊಯ್ದು, 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಕಟ್ಟಿದರು. ಕಲ್ಲಿನ ದೇವರಿಗೆ ಜಗತ್ತೇ ರೊಕ್ಕ ಕೂಡಿಸಿತು.

ಬೆಳಗಾಗುವಾಗ ಬಿಳಿ ಜಲಾಬಿಯಾ ತೊಟ್ಟ ಮುದುಕನೊಬ್ಬ ಪಕ್ಕಕ್ಕೆ ಬಂದು ನಿಂತ. ನೀರಿನ ನಟ್ಟನಡುವಿಗೆ ಬೆರಳು ತೋರಿಸಿದ. "ಬೈತಿ." ಅರಬ್ಬಿಯ ನಾಲ್ಕು ಶಬ್ದ ಕಲಿತಿದ್ದೆ, ಅದರಲ್ಲಿ ಇದೂ ಒಂದು. ನನ್ನ ಮನೆ. ಅಲ್ಲಿ ನೀರಲ್ಲದೆ ಏನೂ ಇರಲಿಲ್ಲ.

ನಾನು ನನ್ನ ಎದೆ ಮುಟ್ಟಿಕೊಂಡು, ಅಂಗೈಯನ್ನು ಮೊಳಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ತಲೆಯ ಮೇಲಕ್ಕೆ ಏರಿಸಿದೆ. "ಹಿಂದ್. ಬೈತಿ." ಮುದುಕ ಗಳಿಗೆ ಹೊತ್ತು ನೋಡಿ ಗಹಗಹಿಸಿ ನಕ್ಕ. ಕಿಸೆಯಿಂದ ಖರ್ಜೂರ ತೆಗೆದು ಕೈಗಿಟ್ಟ. ಸುಡಾನಿನ ಕಡೆಯಲ್ಲೇ ಸುಮಾರು 50,000 ನೂಬಿಯನ್ನರನ್ನು 1964ರ ಜನವರಿಯಿಂದ ರೈಲು ಹತ್ತಿಸಿ ನೂರಾರು ಕಿಲೋಮೀಟರ್ ದೂರದ ಖಷ್ಮ್ ಅಲ್ ಗಿರ್ಬಾಕ್ಕೆ ಒಯ್ದಿದ್ದರು. ಕೆಲವರು ಹೋಗಲಿಲ್ಲ. ನೀರು ಏರಿದಂತೆ ಗುಡಿಸಲು ಕಿತ್ತು ಮೇಲೆ ಹಾಕಿ, ಮತ್ತೆ ಕಿತ್ತು ಮೇಲೆ ಹಾಕಿ, ಅಲ್ಲೇ ಉಳಿದರು. ಮುತ್ಯಾನ ಜಾತಿಯವರು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿ ಈಜಿಪ್ಟಿನ ನಾಸರ್ ಮತ್ತು ರಷ್ಯಾದ ಕ್ರುಶ್ಚೇವ್ ಅಸ್ವಾನ್ ಆಣೆಕಟ್ಟಿಗಾಗಿ ನೈಲ್ ನದಿಯನ್ನು ತಿರುಗಿಸಿದರು. ಇಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಹಾಕಿದರು.

ಹಾಲ್ಫಾದಿಂದ ಖಾರ್ಟೂಮಿಗೆ ನೈಲಿನ ಗುಂಟ ಒಳ್ಳೇ ಡಾಂಬರು ರಸ್ತೆಯಿತ್ತು, ಬಸ್ಸಿತ್ತು. ಬುದ್ಧಿ ಇದ್ದವರು ಹಾಗೆ ಹೋಗುತ್ತಾರೆ. ನನಗೆ ಇಂಗ್ಲಿಷರ ಸೇನಾಪತಿ ಕಿಚನರ್ 1897ರಲ್ಲಿ ಮರುಭೂಮಿಯ ಎದೆ ಸೀಳಿ ಹಾಕಿಸಿದ ರೈಲುಹಳಿಯ ಹುಚ್ಚು. ಹಾಲ್ಫಾದಿಂದ ಅಬು ಹಮದ್‌ವರೆಗೆ ಸುಮಾರು 370 ಕಿ.ಮೀ., ಒಂದೇ ವರ್ಷದೊಳಗೆ ಮುಗಿಸಿದ್ದರು. ನಡುವೆ ಊರುಗಳಿಲ್ಲ, ಹಾಗಾಗಿ ಸ್ಟೇಷನ್ನುಗಳಿಗೆ ಹೆಸರೂ ಇಲ್ಲ, ಬರೀ ನಂಬರು. ತೋಡಿದಾಗ ನೀರು ಸಿಕ್ಕಿದ್ದು ನಾಲ್ಕರಲ್ಲಿ ಮತ್ತು ಆರರಲ್ಲಿ. ನಾಲ್ಕೈದು ವರ್ಷಗಳಿಂದ ಬಂಗಾರ ಹುಡುಕುವವರು ಲೋಹಶೋಧಕ ಯಂತ್ರ ಹಿಡಿದು ಆ ಬಯಲಿಗೆ ನುಗ್ಗುತ್ತಿದ್ದರು. ಅಂಥವರ ಹಳೇ ಬೆಡ್‌ಫೋರ್ಡ್ ಲಾರಿಯ ಮೇಲೆ ನೀರಿನ ಪೀಪಾಯಿ, ಗುದ್ದಲಿಗಳ ನಡುವೆ ನನಗೂ ಜಾಗ ಸಿಕ್ಕಿತು. ಡ್ರೈವರ್ ಹಾಜಿ ಅಮಿತಾಭ್ ಬಚ್ಚನ್‌ನ ಭಕ್ತ, ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಆ ಲಾರಿಯಿಂದ ಐವತ್ತು ಹೆಜ್ಜೆಯೂ ಇಲ್ಲದ ದೂರದಲ್ಲಿ ನಾನೀಗ ಮಣ್ಣಾಗುತ್ತಿದ್ದೆ.

ಪಟಗ ಬಿಚ್ಚಿ ಮೋರೆಗೆ ಸುತ್ತಿದೆ. ಕೂಗಿದೆ, ಕೂಗು ಹಲ್ಲಿನಾಚೆ ಹೋಗಲಿಲ್ಲ. ಎಡಕ್ಕೆ ಓಡಿದೆ, ಬಲಕ್ಕೆ ಓಡಿದೆ, ಮುಗ್ಗರಿಸಿ ಬಿದ್ದೆ. ಎದ್ದಾಗ ದಿಕ್ಕು ಹೋಗಿತ್ತು. ಕಾಲು ತಾವೇ ಓಡಲು ಹವಣಿಸುತ್ತಿದ್ದವು. ಸಣ್ಣವನಿದ್ದಾಗ ಮಳೆಗಾಲದ ರಾತ್ರಿ ಹೊಲದಲ್ಲಿ ದಾರಿ ತಪ್ಪಿದ್ದೆ. ಆಗ ಮುತ್ಯಾ ಕಿವಿ ಹಿಂಡಿ ಹೇಳಿದ್ದ: "ದಾರಿ ತಪ್ಪಿದಾಂವ ಕುಂದರಬೇಕು. ಓಡಿದರ ದಾರಿ ನಿನ್ನ ಬಿಟ್ಟು ಓಡತೈತಿ." ಕೂತೆ. ಗಾಳಿಗೆ ಬೆನ್ನು ಕೊಟ್ಟು, ತಲೆ ಮೊಳಕಾಲಲ್ಲಿ ಹುದುಗಿಸಿ, ಬಾಟಲಿಯನ್ನು ಹೊಟ್ಟೆಗೆ ಅವಚಿಕೊಂಡು ಕೂತೆ. ಉಸುಕು ಸೊಂಟದವರೆಗೆ ಏರಿತು. ಕೊಡವಿಕೊಂಡೆ. ಮತ್ತೆ ಏರಿತು. ಎರಡು ತಾಸೋ, ಮೂರು ತಾಸೋ.

ಗಾಳಿ ನಿಂತಾಗ ರಾತ್ರಿ. ಮುಗಿಲು ತೊಳೆದಿಟ್ಟಂತಿತ್ತು. ಲಾರಿ ಇರಲಿಲ್ಲ. ದಿಬ್ಬವೂ ಇರಲಿಲ್ಲ, ಇದ್ದ ದಿಬ್ಬ ಬೇರೆ ಕಡೆ ಹೋಗಿ ನಿಂತಿತ್ತು. ದೂರದಲ್ಲಿ ಹಾರ್ನ್ ಕೇಳಿದಂತಾಯಿತು. ಅತ್ತ ನಡೆದೆ. ಇನ್ನೊಂದು ಕಡೆಯಿಂದ ಕೇಳಿದಂತಾಯಿತು. ಇತ್ತ ನಡೆದೆ. ಕೂತಿರಬೇಕಿತ್ತು, ಮುತ್ಯಾನ ಅರ್ಧ ಮಾತು ಕೇಳಿ ಅರ್ಧ ಮರೆತಿದ್ದೆ. ಒಂದು ತಾಸು ಹಾಗೇ ಅಲೆದಮೇಲೆ ಕಾಲಿಗೆ ಏನೋ ತಾಗಿ ಮಕಾಡೆ ಬಿದ್ದೆ. ಮೊಳಕಾಲು ಒಡೆಯಿತು. ಕೈಯಾಡಿಸಿದರೆ ತಣ್ಣನೆಯ ಕಬ್ಬಿಣ.

ಹಳಿ!

ಅದಕ್ಕೆ ಹಣೆ ಹಚ್ಚಿ ಅತ್ತೆ. ಆಮೇಲೆ ಲೆಕ್ಕ ಹಾಕಿದೆ. ಸಂಜೆ ಹಾಜಿ, ಆರನೇ ಸ್ಟೇಷನ್ನಿಗೆ ಇಪ್ಪತ್ತೈದು ಕಿಲೋಮೀಟರ್ ಇದೆ ಎಂದು ಬೆರಳು ಮಡಿಸಿ ತೋರಿಸಿದ್ದ. ಹಳಿ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತದೆ. ಧ್ರುವ ನಕ್ಷತ್ರ ಎಡ ಭುಜದ ಹಿಂದೆ ಬರುವಂತೆ ನಿಂತರೆ ಮುಂದೆ ಆರನೇ ಸ್ಟೇಷನ್ನು. ಬಾಟಲಿಯಲ್ಲಿ ಮುಕ್ಕಾಲು ಲೀಟರು ನೀರಿತ್ತು. ಬಿರುಗಾಳಿ ಐದು ನಿಮಿಷ ತಡವಾಗಿ ಬಂದಿದ್ದರೆ ಆ ನೀರು ಯಾವುದಕ್ಕೆ ಹೋಗುತ್ತಿತ್ತೆಂದು ನೀವೇ ಬಲ್ಲಿರಿ.

ನಡೆದೆ. ಕೆಲವು ಕಡೆ ಉಸುಕು ಹಳಿಯನ್ನು ನುಂಗಿತ್ತು. ಮೊಳಕಾಲೂರಿ ಕೈಯಿಂದ ತಡವಿ ಹುಡುಕಿದೆ. ಸಾವಿರ ಹೆಜ್ಜೆಗೊಂದು ಗುಟುಕು. ನುಂಗದೆ ಬಾಯಲ್ಲಿ ಇಟ್ಟುಕೊಂಡು ಇನ್ನೂರು ಹೆಜ್ಜೆ, ಆಮೇಲೆ ಗಂಟಲಿಗೆ. ಹಳಿಯ ಪಕ್ಕ ಒಂಟೆಯ ಎಲುಬುಗೂಡು ಬೆಳದಿಂಗಳಿಲ್ಲದಿದ್ದರೂ ಬೆಳ್ಳಗೆ ಹೊಳೆಯಿತು. ಅದನ್ನು ದಾಟುವಾಗ ಯಾಕೋ ನಮಸ್ಕಾರ ಮಾಡಿದೆ. ನಡುರಾತ್ರಿ ಚಳಿ ಹಿಡಿಯಿತು. ನಿದ್ದೆ ಬಂತು, ನಡೆಯುತ್ತಲೇ. ಕನಸಿನಲ್ಲಿ ಕೃಷ್ಣೆಯ ಹಿನ್ನೀರು. ನಾನು ತಳದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದೇನೆ, ಬಾಯಿ ತೆರೆದರೂ ನೀರು ಒಳಗೆ ಬರುತ್ತಿಲ್ಲ.

ಹೊತ್ತು ಮೂಡಿತು. ಅರ್ಧ ತಾಸಿಗೆ ಬಿಸಿಲು, ಒಂದು ತಾಸಿಗೆ ಹಂಚು. ಬಾಟಲಿಯಲ್ಲಿ ಮೂರು ಗುಟುಕು. ಎಂಟು ಗಂಟೆಗೆ ಒಂದು. ನಾಲಿಗೆ ಬಾತು ಬಾಯಿ ತುಂಬಿತ್ತು, ಚಪ್ಪಲಿಯ ಅಟ್ಟೆ ಇಟ್ಟಂತೆ. ಬೆವರುವುದು ನಿಂತಿತ್ತು, ನಿಂತದ್ದು ಒಳ್ಳೆಯದಲ್ಲವೆಂದು ಗೊತ್ತಿತ್ತು. ಮುಂದೆ ಕೆರೆ ಕಂಡಿತು. ಕೆರೆಯ ದಂಡೆಯಲ್ಲಿ ಮನೆಗಳು. ನಂಬಲಿಲ್ಲ. ಬೆಳಗಿನಿಂದ ಅಂಥ ಏಳೆಂಟು ಕೆರೆ ದಾಟಿದ್ದೆ, ಒಂದರಲ್ಲೂ ಕಾಲು ತೊಯ್ದಿರಲಿಲ್ಲ. ಹತ್ತಿರ ಹೋದಂತೆ ಕೆರೆ ಆರಿತು. ಮನೆಗಳು ಆರಲಿಲ್ಲ. ನಾಯಿ ಬೊಗಳಿತು. ಬಿಸಿಲ್ಗುದುರೆಗೆ ಬೊಗಳುವ ನಾಯಿ ಇರುವುದಿಲ್ಲ.

ತಗಡಿನ ಚಪ್ಪರದ ನೆರಳಿನಲ್ಲಿ ಮೂರು ದೊಡ್ಡ ಮಣ್ಣಿನ ಹರವಿಗಳನ್ನು ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ್ದರು. ಮೈಯೆಲ್ಲ ಜಿನುಗಿ ತೊಯ್ದಿದ್ದವು. ಸುಡಾನಿನಲ್ಲಿ ಅದಕ್ಕೆ ಜೀರ್ ಎನ್ನುತ್ತಾರೆ. ಹಾದಿಹೋಕರಿಗೆ ಬಿಟ್ಟಿ ನೀರು. ದಾರದಿಂದ ಕಟ್ಟಿದ ತಗಡಿನ ಬಟ್ಟಲು. ನಮ್ಮೂರ ಅರವಟ್ಟಿಗೆಯಲ್ಲೂ ಬಟ್ಟಲಿಗೆ ದಾರ ಕಟ್ಟುತ್ತಾರೆ. ಬಟ್ಟಲು ಎತ್ತಲು ಕೈಯಲ್ಲಿ ಬಲವಿರಲಿಲ್ಲ. ಯಾರೋ ಎತ್ತಿ ತುಟಿಗೆ ಹಿಡಿದರು. "ಶ್ವೈಯಾ, ಶ್ವೈಯಾ", ಮೆಲ್ಲಗೆ, ಮೆಲ್ಲಗೆ.

ಎರಡು ತಾಸಿನ ಮೇಲೆ ಬೆಡ್‌ಫೋರ್ಡ್ ಬಂತು. ಹಾಜಿ ಇಳಿದು ನೇರ ನನ್ನ ಹತ್ತಿರ ನಡೆದು ಬಂದು ಕಪಾಳಕ್ಕೊಂದು ಬಿಟ್ಟ. "ಮಜ್ನೂನ್!" ಹುಚ್ಚ! ಆಮೇಲೆ ಎಳೆದು ಅಪ್ಪಿಕೊಂಡ. ಅವನ ಕಣ್ಣು ಕೆಂಪಗಿದ್ದವು. ರಾತ್ರಿಯಿಡೀ ಅವರು ಗೋಣಿಚೀಲಕ್ಕೆ ಡೀಸೆಲ್ ಸುರಿದು ಬೆಂಕಿ ಹಚ್ಚಿ, ಹಾರ್ನ್ ಹೊಡೆದು, ಬ್ಯಾಟರಿ ಇಳಿಯುವ ತನಕ ಹುಡುಕಿದ್ದರಂತೆ. ಅವ್ವನ ರೊಟ್ಟಿ ಡಬ್ಬಿ ಬ್ಯಾಗಿನಲ್ಲಿ ಹಾಗೇ ಇತ್ತು. ಒಳಗೆ ಉಳಿದಿದ್ದ ಚೂರನ್ನು, ಹಿಂಡಿ ಹಚ್ಚಿ, ಹದಿನಾಲ್ಕು ಮಂದಿ ಹಂಚಿಕೊಂಡೆವು. ಹಾಜಿಗೆ ಖಾರ ಹತ್ತಿ ಮೂರು ಬಟ್ಟಲು ನೀರು ಕುಡಿದ.

ಮೂರನೇ ದಿನ ಅಬು ಹಮದ್‌ನಲ್ಲಿ ಮತ್ತೆ ನೈಲ್ ಸಿಕ್ಕಿತು, ಫೋನಿಗೆ ಸಿಗ್ನಲ್ಲೂ ಸಿಕ್ಕಿತು. ಅವ್ವನಿಗೆ ಬಿರುಗಾಳಿಯ ಸುದ್ದಿ ಹೇಳಲಿಲ್ಲ. ಉಂಡಿದೀನಿ ಎಂದೆ, ದಣಿವು ಎಂದೆ. ಮುತ್ಯಾ ಫೋನು ಕಸಿದುಕೊಂಡ.

"ನೀರ ಹೆಂಗದಾವೋ ಅಲ್ಲೆ?"

"ದಾರ್ಯಾಗ ಒಂದ ಸ್ಟೇಷನ್ ಐತಿ ಮುತ್ಯಾ. ಅಲ್ಲಿ ನೀರ ಕುಡದೆ. ಸವಳ ಅದಾವ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ.

"ಆ ನೀರಾಗ ಬ್ಯಾಳಿ ಬೇಯ್ತಾವೇನು?"

"ಗೊತ್ತಿಲ್ಲ ಮುತ್ಯಾ."

"ಕೇಳಕೊಂಡ ಬರಬೇಕಿತ್ತು" ಎಂದ.